ತುತ್ತಕ್ಕೆ ಸುಣ್ಣವೋ, ಸುಣ್ಣಕ್ಕೆ ತುತ್ತವೋ?

ಅಡಿಕೆ ತೋಟವಿರುವ ರೈತ ಬಾಂಧವರಿಗೆ ಬೋರ್ಡೊ ದ್ರಾವಣದ ವಿಚಾರ ಹೊಸದಾಗಿ ಹೇಳಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗವನ್ನು ತಡೆಯಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಮಾಡುವ ಔಷಧಿ ಇದು. ತುತ್ತವನ್ನು ಒಂದು ಪಾತ್ರೆಯಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ಬೇಗ ತಳಕ್ಕೆ ಕೂರುತ್ತದೆ, ನಾಜಲ್ ಕಟ್ಟುತ್ತದೆ, ಗೊನೆಗೆ ಅಂಟಿ ನಿಲ್ಲುವುದಿಲ್ಲ.

ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ ನಾನು ಸಂಬಂಧಿಕರೊಬ್ಬರ ಜೊತೆಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೂರಬೇಕಾಗಿ ಬಂತು. ಎರಡನೇ ಔಷಧಿಯ ಹೊತ್ತು. ಊರಲ್ಲಿ ಮಳೆ ಸ್ವಲ್ಪ ಹೊಳವಾಗಿದೆ ಎಂದು ಸುದ್ದಿ ಬಂದದ್ದೇ ತಡ, ಮನೆಗೆ ಫೋನು ಮಾಡಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನಿಗೆ ಹೇಳಿದೆ: 'ತುತ್ತ ಸುಣ್ಣಕ್ಕೆ ಹಾಕು ಮಾರಾಯ, ಮರೀಬೇಡ.' ಆ ಕಡೆ ತಗಡಿನ ಮಾಡಿನ ಮೇಲೆ ಮತ್ತೆ ಮಳೆ ಹನಿಯಲು ಶುರುವಾಗಿತ್ತು. 'ಆಯ್ತು ಅಣ್ಣ' ಎಂದ. ನಾನು ಫೋನು ಇಟ್ಟೆ.

ಅವನಿಗೆ ಕೇಳಿಸಿದ್ದು 'ತುತ್ತಕ್ಕೆ ಸುಣ್ಣ ಹಾಕು' ಎಂದು. ಒಂದು 'ಕ್ಕೆ' ಜಾಗ ಬದಲಾಯಿಸಿತು, ಅಷ್ಟೇ. ವಾರ ಬಿಟ್ಟು ನಾನು ಬರುವ ಹೊತ್ತಿಗೆ ಕೆಳಗಿನ ತೋಟದಲ್ಲಿ ಹಸಿರು ಕಾಯಿ ಉದುರಿ ಬಿದ್ದಿತ್ತು. ಅದೊಂದರಿಂದಲೇ ಎನ್ನಲಾರೆ, ಮಳೆಯೂ ಆ ವರ್ಷ ಹಿಡಿದರೆ ಬಿಡದಂಥದ್ದು. ಆದರೂ ಹುಡುಗನಿಗೆ ಬೈದೆ. ಒಳಗಿನಿಂದ ಮನೆಯವಳು ಕೇಳಿದಳು: 'ನೀವು ಹೇಳಿದ್ದು ಅವನಿಗೆ ಏನಾಗಿ ಕೇಳಿತು ಅಂತ ಕೇಳಿದ್ರಾ?' ಕೇಳಿರಲಿಲ್ಲ.

ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡವರು ತಲೆಗೆ ಹಚ್ಚಿಕೊಂಡು ಕೂತಿದ್ದಾರೆ ಎಂದು ಆಮೇಲೆ ಓದಿ ತಿಳಿದೆ. ಒಬ್ಬರ ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರಿಗೆ ಮುಟ್ಟುವುದನ್ನು ಪುಸ್ತಕದ ಭಾಷೆಯಲ್ಲಿ 'ಸಂವಹನ' ಎನ್ನುತ್ತಾರೆ. ಅದು ಹೇಗೆ ನಡೆಯುತ್ತದೆ ಎಂದು ತೋರಿಸಲು ಅವರು ಹಾಕಿಕೊಂಡ ನಕ್ಷೆಗಳಿಗೆ ಮಾದರಿಗಳು ಎಂದು ಹೆಸರು. ನಮಗೇಕೆ ಅದು ಎನ್ನಬೇಡಿ. ಬೀಜದ ಅಂಗಡಿ, ರೈತ ಸಂಪರ್ಕ ಕೇಂದ್ರ, ಆಕಾಶವಾಣಿ, ಮೊಬೈಲು, ಪಕ್ಕದ ಹೊಲದವನು, ಇಷ್ಟು ಕಡೆಯಿಂದ ನಿಮ್ಮ ಕಿವಿಗೆ ದಿನವೂ ಮಾತು ಬೀಳುತ್ತಿದೆ. ಅದರಲ್ಲಿ ಒಂದು ತಪ್ಪಿ ಬಿದ್ದರೆ ನಷ್ಟ ನಿಮ್ಮದೇ.

ಮೊದಲ ನಕ್ಷೆ ಟೆಲಿಫೋನಿನವರದು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞ 1948ರಲ್ಲಿ ಇದನ್ನು ಪ್ರಕಟಿಸಿದ. ಹೇಳುವವನು ಒಬ್ಬ; ಮಾತನ್ನು ಸಂಕೇತವಾಗಿ ಮಾಡಿ ಕಳಿಸುವ ಯಂತ್ರ; ಅದು ಸಾಗುವ ತಂತಿ; ಆ ತುದಿಯಲ್ಲಿ ಸಂಕೇತವನ್ನು ಮತ್ತೆ ಮಾತಾಗಿ ಬಿಡಿಸುವ ಯಂತ್ರ; ಕೊನೆಗೆ ಕೇಳುವವನು. ನಡುವೆ ತಂತಿಗೆ ಹೊರಗಿನಿಂದ ಬಂದು ಸೇರುವುದು ಗದ್ದಲ. ನೀರು ಹಾಯಿಸುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಕೆರೆ, ತೂಬು, ಕಾಲುವೆ, ಮಡಿ, ನಡುವೆ ಒಡೆದ ಬದು. ಕೆರೆಯಲ್ಲಿ ಬಿಟ್ಟಷ್ಟು ನೀರು ಮಡಿಗೆ ಬಂತೆಂದು ಯಾವ ರೈತನೂ ನಂಬುವುದಿಲ್ಲ, ಹೋಗಿ ನೋಡುತ್ತಾನೆ. ಮಾತಿನ ವಿಷಯದಲ್ಲಿ ಮಾತ್ರ ಬಿಟ್ಟದ್ದೆಲ್ಲ ಮುಟ್ಟಿತು ಎಂದುಕೊಳ್ಳುತ್ತೇವೆ.

ಗದ್ದಲವಿದ್ದಾಗ ಏನು ಮಾಡಬೇಕು ಎಂಬುದಕ್ಕೂ ಶ್ಯಾನನ್ ಲೆಕ್ಕ ಹಾಕಿದ್ದಾನೆ. ಅದರ ತಿರುಳು, ಮಾತಿನಲ್ಲಿ ಸ್ವಲ್ಪ ಹೆಚ್ಚುವರಿ ಸೇರಿಸಬೇಕು, ಒಂದು ಕಡೆ ಅಳಿಸಿಹೋದರೂ ಇನ್ನೊಂದು ಕಡೆಯಿಂದ ಅರ್ಥ ಸಿಗುವ ಹಾಗೆ. ಹಳ್ಳಿಯಲ್ಲಿ ಡಂಗುರ ಸಾರುವವನು ಒಂದೇ ವಿಷಯವನ್ನು ಬೀದಿಬೀದಿಯಲ್ಲಿ ಮತ್ತೆ ಮತ್ತೆ ಸಾರುತ್ತಿದ್ದುದು ಹೊಟ್ಟೆಪಾಡಿಗಷ್ಟೇ ಅಲ್ಲ. ನಾನು ಫೋನಿನಲ್ಲಿ 'ಸುಣ್ಣದ ಬಾನಿ ಕೆಳಗಿರಲಿ, ತುತ್ತದ ಕೊಡ ಮೇಲಿಂದ' ಎಂದು ಇನ್ನೊಂದು ರೀತಿಯಲ್ಲಿ ಹೇಳಿದ್ದರೆ 'ಕ್ಕೆ' ಕಳೆದುಹೋದರೂ ಕೆಲಸ ಕೆಡುತ್ತಿರಲಿಲ್ಲ.

ಗದ್ದಲದಿಂದ ಎಷ್ಟು ದೊಡ್ಡ ಅನಾಹುತ ಆಗಬಹುದೆಂಬುದಕ್ಕೆ ವಿಮಾನದವರ ಉದಾಹರಣೆ ಸಾಕು. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಒಂದು ವಿಮಾನ ಹೊರಡಲು ನಿಂತಿದೆ, ಇನ್ನೊಂದು ಅದೇ ಓಡುದಾರಿಯಲ್ಲಿ ಎದುರಿನಿಂದ ಬರುತ್ತಿದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ತಡೆಯಿರಿ ಎಂದು ಗೋಪುರದವನು ಹೇಳುವುದಕ್ಕೂ, ನಾವಿನ್ನೂ ದಾರಿಯ ಮೇಲೇ ಇದ್ದೇವೆ ಎಂದು ಎರಡನೇ ವಿಮಾನದವರು ಹೇಳುವುದಕ್ಕೂ ಒಂದೇ ಗಳಿಗೆ ಕೂಡಿತು. ರೇಡಿಯೋದಲ್ಲಿ ಎರಡು ಮಾತೂ ಡಿಕ್ಕಿಯಾಗಿ ಹೊರಡುವ ವಿಮಾನದಲ್ಲಿ ಕಿರ್ರೆಂಬ ಸದ್ದು ಕೇಳಿತು. ಅದಕ್ಕೆ ಮುಂಚೆ ಗೋಪುರದವನು ಆಡಿದ್ದ 'ಓಕೆ' ಒಂದು ಮಾತ್ರ ಸ್ಪಷ್ಟವಾಗಿತ್ತು. ಅಪ್ಪಣೆ ಸಿಕ್ಕಿದೆ ಎಂದೇ ತಿಳಿದಿದ್ದ ಮುಖ್ಯ ಚಾಲಕ ವಿಮಾನ ಓಡಿಸಿದ. ಸತ್ತವರು 583 ಮಂದಿ. ಆಮೇಲೆ ಮಾತಿನ ನಿಯಮ ಬಿಗಿ ಮಾಡಿದರು. ಹಾರಲು ಅಪ್ಪಣೆ ಕೊಡುವಾಗ ಮತ್ತು ಅದನ್ನು ಹಿಂತೆಗೆಯುವಾಗ ಮಾತ್ರ 'ಟೇಕಾಫ್' ಎಂಬ ಪದ ಬಳಸಬೇಕು. ಅಪ್ಪಣೆಗೆ ಬರೀ ಹೂಂಗುಟ್ಟುವಂತಿಲ್ಲ, ಕೇಳಿದ್ದನ್ನು ತಿರುಗಿ ಒಪ್ಪಿಸಬೇಕು. ಎಷ್ಟೋ ಆಸ್ಪತ್ರೆಗಳಲ್ಲಿ ದಾದಿಯರು ಫೋನಿನಲ್ಲಿ ಬಂದ ಔಷಧಿಯ ಪ್ರಮಾಣವನ್ನು ಬರೆದುಕೊಂಡು ತಿರುಗಿ ಓದಿ ಹೇಳುವುದೂ ಇದೇ ಪದ್ಧತಿ. ನಮ್ಮಲ್ಲಿ ಕೀಟನಾಶಕದ ಅಂಗಡಿಯಲ್ಲಿ 'ಪಂಪಿಗೆ ಇಷ್ಟು' ಎಂದದ್ದೋ 'ಎಕರೆಗೆ ಇಷ್ಟು' ಎಂದದ್ದೋ ಗೊತ್ತಾಗದೆ ತಲೆಯಾಡಿಸಿ ಬರುವವರು ಎಷ್ಟು ಜನರಿಲ್ಲ!

ಇಷ್ಟೆಲ್ಲ ಆದರೂ ಶ್ಯಾನನ್ನನ ನಕ್ಷೆ ತಂತಿಯ ನಕ್ಷೆ. ಮಾತು ಸರಿಯಾಗಿ ಕೇಳಿತೆಂದಮೇಲೆ ಕೇಳಿದವನು ಅದನ್ನು ಒಪ್ಪುತ್ತಾನೆಯೇ ಎಂಬುದನ್ನು ಅದು ಹೇಳುವುದಿಲ್ಲ. ಬೇಸಾಯದವರಿಗೆ ಬೇಕಾದದ್ದು ಅದು.

ದಕ್ಷಿಣ ಅಮೆರಿಕದ ಪೆರು ದೇಶದ ಲಾಸ್ ಮೊಲಿನೋಸ್ ಎಂಬ ಹಳ್ಳಿಯ ಕಥೆ ನಮ್ಮವರಿಗೆ ಬೇಗ ಹಿಡಿಸುತ್ತದೆ. ನೀರು ಕಾಯಿಸಿ ಕುಡಿಯಿರಿ ಎಂದು ಹೇಳಲು ಆರೋಗ್ಯ ಇಲಾಖೆಯ ಒಬ್ಬ ಹೆಂಗಸು ಎರಡು ವರ್ಷ ಮನೆಮನೆ ತಿರುಗಿದಳು. ಊರಿನಲ್ಲಿ ಸುಮಾರು 200 ಮನೆ. ಅವಳ ಮಾತು ಹಿಡಿದದ್ದು 11 ಮನೆಯವರು. ಏಕೆ? ಆ ಊರಿನವರಿಗೂ ನಮ್ಮ ಹಾಗೆ ಉಷ್ಣ-ಶೀತದ ಲೆಕ್ಕವಿತ್ತು. ಕಾದ ನೀರು ಕಾಯಿಲೆಯವರಿಗೆ, ಗಟ್ಟಿಮುಟ್ಟಾದವರು ಅದನ್ನು ಕುಡಿಯುವುದಲ್ಲ ಎಂಬುದು ಅವರ ತಿಳುವಳಿಕೆ. ಅವಳು ಕಣ್ಣಿಗೆ ಕಾಣದ ಕ್ರಿಮಿಯ ಮಾತಾಡುತ್ತಿದ್ದಳು, ಅವರು ಕಾಯಿಲೆಯವರ ನೀರಿನ ಮಾತು ಕೇಳುತ್ತಿದ್ದರು. ತಂತಿಯಲ್ಲಿ ಗದ್ದಲವೇ ಇರಲಿಲ್ಲ. ಹೇಳುವವರ ಅನುಭವ, ಕೇಳುವವರ ಅನುಭವ ಎರಡು ವರ್ತುಲಗಳಿದ್ದಂತೆ, ಅವು ಒಂದರ ಮೇಲೊಂದು ಬಂದಷ್ಟೇ ಜಾಗದಲ್ಲಿ ಮಾತು ಮುಟ್ಟುತ್ತದೆ ಎಂದು ವಿಲ್ಬರ್ ಶ್ರಾಮ್ ಎಂಬ ಪಂಡಿತ 1954ರಲ್ಲಿ ನಕ್ಷೆ ಬರೆದ. ನಮ್ಮ ಕಾವ್ಯಶಾಸ್ತ್ರದವರು ಕೇಳುಗನನ್ನು 'ಸಹೃದಯ' ಎಂದು ಕರೆದು ಈ ಮಾತನ್ನು ಬಹಳ ಹಿಂದೆಯೇ ಒಂದೇ ಪದದಲ್ಲಿ ಮುಗಿಸಿದ್ದರು ಎಂದು ನನಗನಿಸುತ್ತದೆ.

ಇನ್ನು ರೈತರ ಮೇಲೆಯೇ ನಡೆದ ಅಧ್ಯಯನ. ಅಮೆರಿಕದ ಅಯೋವಾ ರಾಜ್ಯದಲ್ಲಿ 1928ರ ಹೊತ್ತಿಗೆ ಹೈಬ್ರಿಡ್ ಮುಸುಕಿನ ಜೋಳ ಮಾರುಕಟ್ಟೆಗೆ ಬಂತು. ಇಳುವರಿ ಶೇಕಡಾ 20ರಷ್ಟು ಹೆಚ್ಚು, ಬರವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಬೀಜ ಇಟ್ಟುಕೊಳ್ಳುವಂತಿಲ್ಲ, ವರ್ಷವರ್ಷವೂ ಕೊಳ್ಳಬೇಕು. ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಎರಡು ಊರುಗಳ 259 ರೈತರನ್ನು ಒಬ್ಬೊಬ್ಬರಾಗಿ ಮಾತಾಡಿಸಿ 1943ರಲ್ಲಿ ವರದಿ ಬರೆದರು. 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಹೈಬ್ರಿಡ್ ಬಿತ್ತಿದ್ದರು. ಆದರೆ ಸುದ್ದಿ ಕೇಳಿದ್ದಕ್ಕೂ ಬಿತ್ತಿದ್ದಕ್ಕೂ ನಡುವೆ ಹಿಡಿದ ಕಾಲ ಒಬ್ಬೊಬ್ಬನಿಗೆ ಸರಾಸರಿ ಒಂಬತ್ತು ವರ್ಷ! ಮೊದಲು ಸುದ್ದಿ ತಂದವರಲ್ಲಿ ಹೆಚ್ಚಿನವರು ಬೀಜದ ಏಜೆಂಟರು. ಮನಸ್ಸು ಗಟ್ಟಿ ಮಾಡಿಸಿದವರು ಮಾತ್ರ ನೆರೆಹೊರೆಯವರು. ಬಿತ್ತಿದವರೂ ಒಮ್ಮೆಗೇ ಬಿತ್ತಲಿಲ್ಲ, ಮೊದಲ ವರ್ಷ ಒಂದು ತುಂಡು ನೆಲದಲ್ಲಿ ಹಾಕಿ ನೋಡಿದರು.

ಈ ವಿದ್ಯೆಗೆ ದೊಡ್ಡ ಹೆಸರು ತಂದ ಎವರೆಟ್ ರೋಜರ್ಸ್ ಅದೇ ಅಯೋವಾದ ರೈತನ ಮಗ. ಅವನ ತಂದೆಗೆ ಹೊಸ ಯಂತ್ರವೆಂದರೆ ಪ್ರಾಣ. ಹೈಬ್ರಿಡ್ ಬೀಜ ಎಂದರೆ ಮಾತ್ರ ಎಂಟು ವರ್ಷ ಒಪ್ಪಲೇ ಇಲ್ಲ. 1936ರ ಬರದಲ್ಲಿ ಪಕ್ಕದವರ ಹೈಬ್ರಿಡ್ ಪೈರು ನೆಟ್ಟಗೆ ನಿಂತಿತ್ತು, ಇವರ ಪೈರು ಬಾಡಿ ಮಲಗಿತು. ಆಗ ಒಪ್ಪಿದ. ಮಗ 1962ರಲ್ಲಿ ಪುಸ್ತಕ ಬರೆದು, ಹೊಸತನ್ನು ಮೊದಲು ಹಿಡಿಯುವವರು ನೂರಕ್ಕೆ ಎರಡೂವರೆ, ಅವರ ಹಿಂದೆ ಹದಿಮೂರೂವರೆ ಎಂದು ಮುಂತಾಗಿ ಲೆಕ್ಕ ಕಟ್ಟಿದ. ಕೊನೆಯ ಹದಿನಾರು ಜನರನ್ನು ಹಿಂದುಳಿದವರೆಂದು ಕರೆದದ್ದು ನನಗೆ ಸರಿ ಕಾಣುವುದಿಲ್ಲ. ಎರಡು ಎಕರೆ ಖುಷ್ಕಿಯವನು ಹೊಸ ಬೀಜ ನಂಬಿ ಕೆಟ್ಟರೆ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವನು ನಿಂತು ನೋಡುವುದು ದಡ್ಡತನವಲ್ಲ.

ನಮ್ಮ ಮಲೆನಾಡಿನಲ್ಲಿಯೂ ಹೀಗೆಯೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದರು. ಅದಕ್ಕೆ ಮುಂಚೆ ಗೊನೆಗೆ ಕೊಟ್ಟೆ ಕಟ್ಟುವುದೇ ದಾರಿ. ಕೊಟ್ಟೆಯನ್ನೇ ನಂಬಿದ್ದವರಿಗೆ ನೀಲಿ ನೀರು ನಂಬಿಕೆ ತಂದದ್ದು ಬರೆದ ಪುಸ್ತಕದಿಂದಲ್ಲ, ಔಷಧಿ ಹೊಡೆದ ಮರದ ಗೊನೆ ಉಳಿದದ್ದನ್ನು ಕಣ್ಣಾರೆ ಕಂಡದ್ದರಿಂದ.

ಹಾಗಾದರೆ ರೇಡಿಯೋ, ಟೆಲಿವಿಷನ್ ಏನೂ ಮಾಡುವುದಿಲ್ಲವೇ? ಮಾಡುತ್ತವೆ, ಆದರೆ ಕೇಳಿದವರು ಕೂಡಿ ಮಾತಾಡಿದರೆ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿ ಮರಾಠಿ ಸೀಮೆಯ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿತು. ಪ್ರತಿ ಹಳ್ಳಿಯಲ್ಲೂ ಹದಿನೈದಿಪ್ಪತ್ತು ಜನರ ಕೂಟ. ವಾರಕ್ಕೆರಡು ದಿನ ಕಾರ್ಯಕ್ರಮ ಕೇಳುವುದು, ರೇಡಿಯೋ ಆರಿಸಿ ಚರ್ಚೆ ಮಾಡುವುದು, ತೀರ್ಮಾನವನ್ನೂ ಪ್ರಶ್ನೆಯನ್ನೂ ನಿಲಯಕ್ಕೆ ಬರೆದು ಕಳಿಸುವುದು. ನಿಲಯದವರು ಅದಕ್ಕೆ ರೇಡಿಯೋದಲ್ಲೇ ಉತ್ತರ ಕೊಡುತ್ತಿದ್ದರು. ಕೂಟವಿದ್ದ ಹಳ್ಳಿಗಳಲ್ಲಿ ತಿಳುವಳಿಕೆ ಬಹಳ ಏರಿತು. ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳು ಅಷ್ಟು ಏರಲಿಲ್ಲ. ಪೆಟ್ಟಿಗೆ ಒಂದೇ, ಕೇಳಿದ ರೀತಿ ಬೇರೆ.

1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂದಾಗ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಶಾಲೆಯ ಮುಂದೆ ಜಾಳಿಗೆಯ ದೊಡ್ಡ ಛತ್ರಿ ಕಂಡವರು ನಿಮ್ಮಲ್ಲಿ ಇನ್ನೂ ಇರಬಹುದು. ಆಕಾಶದಿಂದ ಮಾತು ಇಳಿಯಿತು. ಹಳ್ಳಿಯಿಂದ ಮೇಲಕ್ಕೆ ಹೋಗುವ ತಂತಿ ಇರಲಿಲ್ಲ.

ಈ ಕೊರತೆಯನ್ನು ಕಟುವಾಗಿ ಹೇಳಿದವನು ಬ್ರೆಜಿಲ್ ದೇಶದ ಪಾಲೊ ಫ್ರೇರೆ. ದೇಶಭ್ರಷ್ಟನಾಗಿ ಚಿಲಿಯಲ್ಲಿದ್ದಾಗ, ಭೂಸುಧಾರಣೆಯ ಕಾಲದಲ್ಲಿ, ಕೃಷಿ ಅಧಿಕಾರಿಗಳು ರೈತರೊಂದಿಗೆ ನಡೆದುಕೊಳ್ಳುವ ರೀತಿ ನೋಡಿ 1969ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. 'ವಿಸ್ತರಣೆ' ಎಂಬ ಪದದಲ್ಲೇ ದೋಷವಿದೆ ಎಂಬುದು ಅವನ ವಾದ. ತಿಳಿದವನು ತಿಳಿಯದವನಿಗೆ ಕೈಚಾಚಿ ಕೊಡುವುದು ಎಂದು ಅದರ ಅರ್ಥ. ರೈತನಿಗೂ ತಿಳಿವಿದೆ, ಇಬ್ಬರೂ ಕೂಡಿ ಮಾತಾಡಬೇಕು ಎಂದ. ನಮ್ಮಲ್ಲಿ 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆಯವರು ಕೃಷಿಕರ ಕೈಗೇ ಲೇಖನಿ ಕೊಡಲು ಹೊರಟದ್ದು ಆ ದಾರಿಯ ಕೆಲಸ.

ಈಗ ತಿರುಗಿ ಕೇಳುವ ಸೌಕರ್ಯ ನಿಮ್ಮ ಕೈಯಲ್ಲೇ ಇದೆ. 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರಿಗೆ 1800-180-1551ರಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಪ್ರಶ್ನೆ ಕೇಳಬಹುದು, ದುಡ್ಡು ಬೀಳುವುದಿಲ್ಲ. ಉತ್ತರ ಬಂದಮೇಲೆ ತಿರುಗಿ ಒಪ್ಪಿಸಿ: ಇಂಥ ಔಷಧಿ, ಲೀಟರಿಗೆ ಇಷ್ಟು, ಇಷ್ಟು ದಿನ ಬಿಟ್ಟು, ಸರಿಯೇ? ವಾಟ್ಸಾಪಿನಲ್ಲಿ ಬರುವ ಔಷಧಿಯ ವಿಡಿಯೋಗಳಿಗಂತೂ ಲ್ಯಾಸ್ವೆಲ್ ಎಂಬವನು 1948ರಲ್ಲಿ ಹೇಳಿದ ಪ್ರಶ್ನೆಗಳನ್ನು ಹಾಕಿ ನೋಡಿ. ಯಾರು, ಏನು, ಯಾವ ಮಾರ್ಗದಲ್ಲಿ, ಯಾರಿಗೆ ಹೇಳಿದರು, ಪರಿಣಾಮವೇನಾಯಿತು? ಹತ್ತು ಕೈ ದಾಟಿ ಬಂದ ವಿಡಿಯೋದಲ್ಲಿ ಮೊದಲನೆಯದಕ್ಕೇ ಉತ್ತರವಿರುವುದಿಲ್ಲ. ಯಾವ ಮಣ್ಣಿನವರಿಗೆ, ಯಾವ ಬೆಳೆಯವರಿಗೆ ಹೇಳಿದ್ದೆಂದೂ ತಿಳಿಯುವುದಿಲ್ಲ.

ನಮ್ಮ ಮನೆಯ ವಿಚಾರ ಹೇಳಿ ಮುಗಿಸುತ್ತೇನೆ. ಆ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಔಷಧಿಯ ದಿನ ನಾನು ಹೇಳುತ್ತೇನೆ, ಅವನು ತಿರುಗಿ ಒಪ್ಪಿಸುತ್ತಾನೆ, ಆಮೇಲೆ ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೇವೆ. ಚೂರಿಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಹೋದ ಮಳೆಗಾಲದಲ್ಲಿ ನಾನು ಹೇಳಿ ಮುಗಿಸುವ ಮೊದಲೇ ಅವನು ಸುಣ್ಣದ ಚೀಲಕ್ಕೆ ಕೈಹಾಕಿ ನೋಡಿ ಎಂದ: 'ಇದು ಹೋದ ವರ್ಷದ್ದು ಅಣ್ಣ, ಗಾಳಿ ತಾಗಿ ಸತ್ತುಹೋಗಿದೆ. ಹೊಸ ಸುಣ್ಣ ತರಿಸಿ, ಆಮೇಲೆ ತುತ್ತ ನೆನೆಸುವಾ.'