ತರಕರಡಿ: ಬಾಯಿಗೆ ಜೇನು, ಹೊಟ್ಟೆಗೆ ಇಲಿ

ತರಕರಡಿಗೆ ಇಂಗ್ಲಿಷಿನವರು ಇಟ್ಟ ಹೆಸರು ಹನಿ ಬ್ಯಾಡ್ಜರ್. ಕೇಳಿದರೆ ಜೇನು ಬಿಟ್ಟು ಬೇರೇನೂ ತಿನ್ನದ ಪ್ರಾಣಿ ಅನಿಸೀತು. ಅದರ ಊಟದ ಲೆಕ್ಕ ಬೇರೆಯೇ ಇದೆ.

ಗುರುತು ಸುಲಭ. ನೆತ್ತಿಯಿಂದ ಬಾಲದ ತನಕ ಬೆನ್ನು ಬೂದುಬಿಳಿ, ಕೆಳಗೆಲ್ಲ ಕಡುಕಪ್ಪು. ಎತ್ತರ ಒಂದಡಿಯೊಳಗೆ. ಮುಂಗಾಲಲ್ಲಿ ನೆಲ ಬಗೆಯಲು ಉದ್ದುದ್ದ ಉಗುರು. ಚರ್ಮ ದಪ್ಪ, ಸಡಿಲ. ಕುತ್ತಿಗೆ ಹಿಡಿದರೂ ಚರ್ಮದೊಳಗೇ ತಿರುಗಿ ಹಿಡಿದವರನ್ನು ಕಚ್ಚುತ್ತದೆ!

ದಕ್ಷಿಣ ಆಫ್ರಿಕದ ಕಲಹರಿಯಲ್ಲಿ ಬೆಗ್ ದಂಪತಿ 1996ರಿಂದ ಕೆಲವು ವರ್ಷ ಇದರ ಬೆನ್ನು ಹತ್ತಿ ನೋಡಿದರು. ಒಂಟಿಯಾಗಿ ತಿರುಗುತ್ತದೆ. ನೆಲ ಮೂಸುತ್ತಾ ಹೋಗಿ, ವಾಸನೆ ಸಿಕ್ಕಲ್ಲಿ ಬಗೆಯುತ್ತದೆ. ಚಳಿಗಾಲದಲ್ಲಿ ಹಗಲು, ಬೇಸಗೆಯಲ್ಲಿ ರಾತ್ರಿ ಬೇಟೆ. ಸಿಕ್ಕಿದ್ದು ಇಲಿ, ಹಲ್ಲಿ, ಚೇಳು, ಹಾವು. ನಾಗರ ಜಾತಿಯ ಹಾವನ್ನೂ ಬಿಡದು. ಅಲ್ಲಿ ಜೇನಿನದು ಸಣ್ಣ ಪಾಲು. ಮರಿ ಸಾಮಾನ್ಯವಾಗಿ ಒಂದೇ. ಅದು ಒಂದು ವರ್ಷಕ್ಕೂ ಮಿಕ್ಕಿ ತಾಯಿಯ ಜತೆಗೇ ಇರುತ್ತದೆ. ಅಂದರೆ ಒಂದು ಹೆಣ್ಣು ಸತ್ತರೆ ಆ ಜಾಗ ತುಂಬಲು ಬಹಳ ಕಾಲ ಬೇಕು.

ಹಾಗಂತ ಜೇನು ಕೃಷಿಕರಿಗೆ ತೊಂದರೆ ಇಲ್ಲವೇ? ಇದೆ. ಗೂಡು ಸಿಕ್ಕಿದರೆ ತುಪ್ಪದ ಜತೆ ಮರಿಹುಳುಗಳನ್ನೂ ತಿಂದುಬಿಡುತ್ತದೆ. ದಕ್ಷಿಣ ಆಫ್ರಿಕದ ವೆಸ್ಟರ್ನ್ ಕೇಪಿನಲ್ಲಿ ನೆಲದ ಮೇಲಿಟ್ಟ ಪೆಟ್ಟಿಗೆಗಳನ್ನು ಇದು ಉರುಳಿಸಿ ಒಡೆಯುತ್ತಿತ್ತು. ಸಿಟ್ಟಿಗೆದ್ದ ಕೃಷಿಕರು ಉರುಳು, ವಿಷ ಇಟ್ಟರು. ಕೊನೆಗೆ ಉಪಾಯ ಸಿಕ್ಕಿದ್ದು ತೀರಾ ಸರಳ: ಪೆಟ್ಟಿಗೆಯನ್ನು ಸುಮಾರು ಮೂರೂವರೆ ಅಡಿ ಎತ್ತರದ ಸ್ಟ್ಯಾಂಡಿನಲ್ಲಿಟ್ಟು, ಬೀಳದಂತೆ ಬಿಗಿದು ಕಟ್ಟುವುದು. ಹೀಗೆ ತರಕರಡಿಯನ್ನು ಕೊಲ್ಲದೆ ತೆಗೆದ ಜೇನಿಗೆ ಬೇರೆಯೇ ಲೇಬಲ್ ಹಾಕಿ ಅಂಗಡಿಗಳಲ್ಲಿ ಮಾರಿದರು.

ನಮ್ಮಲ್ಲಿ ಈ ಪ್ರಾಣಿ ಕಣ್ಣಿಗೆ ಬೀಳುವುದೇ ಅಪರೂಪ. ಕಾವೇರಿ ವನ್ಯಧಾಮದಲ್ಲಿ ಕಾಡಿನ ಕ್ಯಾಮರಾಕ್ಕೆ ಸಿಕ್ಕಿದ ಚಿತ್ರಗಳ ವರದಿ ಬಂದದ್ದು 2014ರಲ್ಲಿ. 1972ರ ವನ್ಯಜೀವಿ ಕಾಯಿದೆಯ ಒಂದನೇ ಪಟ್ಟಿಯಲ್ಲಿದೆ, ಕೊಂದರೆ ಜೈಲು.

ನಮ್ಮ ಪೆಟ್ಟಿಗೆಗಳು ಹೇಗೂ ಸ್ಟ್ಯಾಂಡಿನ ಮೇಲೆಯೇ ಇರುತ್ತವೆ. ಕಾಡಂಚಿನವರು ಸ್ಟ್ಯಾಂಡನ್ನು ಇನ್ನಷ್ಟು ಎತ್ತರಿಸಿ ಗಟ್ಟಿಯಾಗಿ ಹೂಳಿ. ತಳಮಣೆಯಿಂದ ಮುಚ್ಚಳದವರೆಗೆ ತಂತಿ ಬಿಗಿಯಿರಿ. ಹತ್ತಲು ಅನುಕೂಲವಾಗುವ ಕಲ್ಲು, ಮರದ ದಿಮ್ಮಿ ಪಕ್ಕದಲ್ಲಿ ಇರಬಾರದು. ವಿಷ ಮಾತ್ರ ಬೇಡ. ಅದನ್ನು ಮನೆಯ ನಾಯಿಯೂ ತಿಂದೀತು. ಖರ್ಚು ಒಂದಷ್ಟು ತಂತಿಯದು. ಪೆಟ್ಟಿಗೆಯೂ ಉಳಿಯಿತು, ಇಲಿ ಹಿಡಿಯುವವನೂ ಉಳಿದ.