ಪೈರಿನ ನಂಜುರೋಗವೂ ಕಿರಣಗಳ ಕಣ್ಣೂ

ಸೊರಬದ ಗದ್ದೆಗಳಲ್ಲಿ ಭತ್ತ, ಶಿಕಾರಿಪುರದ ಹೊಲಗಳಲ್ಲಿ ಭತ್ತದೊಡನೆ ಮೆಕ್ಕೆಜೋಳ: ಈ ಎರಡು ತಾಲೂಕುಗಳ ಅಸಂಖ್ಯ ಮನೆತನಗಳ ಬಾಳು ಇವುಗಳನ್ನೇ ನೆಚ್ಚಿ ನಿಂತಿದೆ. ನಾಟಿಯಾದ ಕೆಲವು ವಾರಗಳಲ್ಲಿ ಗದ್ದೆಯ ಒಂದು ಮೂಲೆ ಹಳದಿಗೆ ತಿರುಗಿದರೆ ರೈತ ಕೂಡಲೇ ಯೂರಿಯಾ ಎರಚುತ್ತಾನೆ. ಆದರೆ ಹಳದಿಗೆ ಕಾರಣ ಒಂದೇ ಅಲ್ಲ. ಸಾರಜನಕದ ಕೊರತೆಯಿಂದಲೂ ಸತುವಿನ ಕೊರತೆಯಿಂದಲೂ ನಂಜುರೋಗದಿಂದಲೂ ಎಲೆ ಹಳದಿಯಾಗುವುದುಂಟು.

ಭತ್ತದ ನಂಜುರೋಗಗಳಲ್ಲಿ ಟುಂಗ್ರೋ ಮುಖ್ಯವಾದುದು. ಎರಡು ಬಗೆಯ ವೈರಸ್ಸುಗಳು ಕೂಡಿ ಇದನ್ನುಂಟುಮಾಡುತ್ತವೆ. ಹಸಿರು ಜಿಗಿಹುಳು ಇದನ್ನು ಗಿಡದಿಂದ ಗಿಡಕ್ಕೆ ಹೊರುತ್ತದೆ. ಗಿಡ ಕುಳ್ಳಾಗಿ, ತೆಂಡೆ ಕಡಿಮೆಯಾಗಿ, ಎಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರೋಗ ಹಿಡಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಮಿತಿಮೀರಿದ ಯೂರಿಯಾ ಜಿಗಿಹುಳುವಿಗೇ ಅನುಕೂಲವಾಗಿ ಪರಿಣಮಿಸುತ್ತದೆ. ರೋಗನಿದಾನ ತಪ್ಪಿದರೆ ಹಣವೂ ಬೆಳೆಯೂ ಒಟ್ಟಿಗೆ ಹೋಗುತ್ತವೆ.

ಇಲ್ಲಿಯೇ ವಿಜ್ಞಾನದ ಹೊಸ ಕಣ್ಣು ನೆರವಿಗೆ ಬರುತ್ತದೆ. ಆರೋಗ್ಯವಂತ ಎಲೆಯಲ್ಲಿನ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಎಲೆ ಬಹುಪಾಲು ಹಿಂದಕ್ಕೆ ಚೆಲ್ಲುತ್ತದೆ. ಎಲೆ ಕಾಹಿಲೆಗೊಳಗಾದಾಗ ಈ ಪ್ರಮಾಣ ಬದಲಾಗುತ್ತದೆ. ವಿಶೇಷ ಕ್ಯಾಮರಾ ಹೊತ್ತ ಡ್ರೋನ್ ಗದ್ದೆಯ ಮೇಲೆ ಹಾರಿ ಈ ವ್ಯತ್ಯಾಸವನ್ನು ಸೆರೆಹಿಡಿದರೆ, ಬರಿಗಣ್ಣಿಗೆ ತೋರುವ ಮುನ್ನವೇ ಬಳಲಿದ ಗಿಡಗಳ ತಾಣ ಗುರುತಿಗೆ ಬರಬಹುದು. ಉಷ್ಣ ಕ್ಯಾಮರಾ ಎಲೆಯ ತಾಪವನ್ನು ಅಳೆಯುತ್ತದೆ.

ಆದರೂ ಚಿತ್ರವೇ ತೀರ್ಪಲ್ಲವೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಚಿತ್ರ 'ಇಲ್ಲಿ ನೋಡು' ಎನ್ನುತ್ತದೆ. ವೈರಸ್ ಇದೆಯೇ ಎಂಬುದನ್ನು ಹೇಳಬೇಕಾದುದು ಪ್ರಯೋಗಾಲಯದಲ್ಲಿನ ಎಲೆಯ ಪರೀಕ್ಷೆ. ಸಾಗರ ತಾಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಆ ವಿಶ್ವವಿದ್ಯಾಲಯಕ್ಕೆ ಕೆಳದಿ ಶಿವಪ್ಪನಾಯಕನ ಹೆಸರಿರುವುದು ಉಚಿತವೇ ಸರಿ. ನೆಲದ ಗುಣವನ್ನೂ ಬೆಳೆಯನ್ನೂ ಪರಿಶೀಲಿಸಿ ಕಂದಾಯ ಗೊತ್ತುಮಾಡಿದ ಅವನ 'ಶಿಸ್ತು' ನಾಡಿಗೆಲ್ಲ ಪರಿಚಿತ. ಮೊದಲು ನೋಡು, ಆಮೇಲೆ ನಿರ್ಧರಿಸು ಎಂಬ ಅದೇ ವಿವೇಕ ಇಲ್ಲಿಯೂ ಬೇಕು.

ರೋಗ ಖಚಿತವಾದ ಮೇಲಿನ ಕೆಲಸ ಒಬ್ಬನಿಂದ ಆಗುವಂಥದಲ್ಲ. ರೋಗದ ಗಿಡಗಳನ್ನು ಕಿತ್ತು ಹೂಳಬೇಕು. ಕೊಯ್ಲಾದೊಡನೆ ಕೂಳೆಯನ್ನು ಉತ್ತುಬಿಡಬೇಕು. ಮುಂದಿನ ಸಲ ನಿರೋಧಕ ತಳಿಯನ್ನು ಆರಿಸಬೇಕು. ಊರಿನವರೆಲ್ಲ ಒಂದೇ ಅವಧಿಯಲ್ಲಿ ನಾಟಿ ಮಾಡಬೇಕು. ಒಬ್ಬನ ಗದ್ದೆಯ ಅಲಕ್ಷ್ಯ ನೆರೆಯವನ ಉಣ್ಣುವ ತಟ್ಟೆಗೆ ಕುತ್ತಾಗುತ್ತದೆ. ಯಂತ್ರದ ಕಣ್ಣು ದೂರದಿಂದ ಎಚ್ಚರಿಸೀತು. ಗದ್ದೆಗಿಳಿದು ಒಂದಾಗಿ ದುಡಿಯಬೇಕಾದವರು ನಾವೇ.