ರೋಗದ ತನಿಖೆ ಮತ್ತು ಮಾರುಕಟ್ಟೆಯ ವಿಶ್ವಾಸ

ಕಾರವಾರದ ಬೈತಖೋಲದಲ್ಲಾಗಲಿ ಅಂಕೋಲೆಯ ಬೇಲೆಕೇರಿಯಲ್ಲಾಗಲಿ ಮೀನು ಕೊಳ್ಳುವವನು ಕಿವಿರನ್ನು ನೋಡಿ ತಾಜಾತನವನ್ನು ಅರಿಯಬಲ್ಲನು. ಆದರೆ ಆ ಮೀನಿನಲ್ಲಿ ಪಾದರಸವಿದೆಯೇ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಆದುದರಿಂದ ಮಾಲಿನ್ಯದಿಂದ ಜನರಿಗೆ ರೋಗ ಬಂದಿತೆಂಬ ಸಂಶಯ ಹುಟ್ಟಿದಾಗ ಆರೋಗ್ಯ ಇಲಾಖೆ ನಡೆಸುವ ತನಿಖೆಯು ವರ್ತಕರಿಗೂ ಉದ್ದಿಮೆದಾರರಿಗೂ ಅತ್ಯಂತ ಮಹತ್ವದ್ದಾಗಿದೆ.

ಈ ವಿಷಯವು ನಮ್ಮ ಜಿಲ್ಲೆಗೆ ಹೊಸದಲ್ಲ. ಬಿಣಗಾದ ಕಡಲಂಚಿನಲ್ಲಿ 1970ರ ದಶಕದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಆರಂಭವಾಯಿತು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ಸೋಡಾ ತಯಾರಿಸುವ ಅಂದಿನ ವಿಧಾನದಲ್ಲಿ ಪಾದರಸದ ಬಳಕೆಯಿತ್ತು. ಈ ಕಾರ್ಖಾನೆಯ ಸಮೀಪದ ಕಡಲಿನಲ್ಲಿ ಪಾದರಸದ ಅಂಶವನ್ನು ಅಳೆದ ವಿಜ್ಞಾನಿಗಳ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅವರು ಅಳೆದದ್ದು ಪಾದರಸವನ್ನು. ಅದರಿಂದ ಜನರಿಗೆ ರೋಗ ಬಂದಿದೆಯೇ ಎಂಬುದು ಬೇರೆಯೇ ತನಿಖೆಗೆ ಸೇರಿದ ಪ್ರಶ್ನೆ. ಈ ವ್ಯತ್ಯಾಸವನ್ನು ಮರೆತಾಗಲೇ ವದಂತಿಗಳು ಹಬ್ಬುತ್ತವೆ. ದೇಶದ ಇಂಥ ಕಾರ್ಖಾನೆಗಳು ಪಾದರಸವನ್ನು ತೊರೆದು ಪೊರೆ ವಿಧಾನಕ್ಕೆ ಬದಲಾಗಬೇಕೆಂದು 2003ರಲ್ಲಿ ಕೇಂದ್ರ ಸರ್ಕಾರದ ಸನ್ನದು ಗುರಿ ಹಾಕಿತು.

ತನಿಖೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಮಿನಮಾಟಾ ಸಾಕ್ಷಿ. 1956ರ ಮೇ 1ರಂದು ಅಲ್ಲಿನ ಕಾರ್ಖಾನೆಯ ಆಸ್ಪತ್ರೆಯಿಂದಲೇ ಸ್ಥಳೀಯ ಆರೋಗ್ಯ ಕೇಂದ್ರಕ್ಕೆ ವಿಚಿತ್ರ ನರರೋಗದ ವರದಿ ಹೋಯಿತು. ಮರುವರ್ಷ ಆ ಕೇಂದ್ರದ ಮುಖ್ಯಸ್ಥರು ಕೊಲ್ಲಿಯ ಮೀನು, ಚಿಪ್ಪುಗಳನ್ನು ಬೆಕ್ಕುಗಳಿಗೆ ತಿನ್ನಿಸಿ ಅವುಗಳಿಗೂ ರೋಗ ಬರುವುದನ್ನು ತೋರಿಸಿದರು. ಆದರೂ ಸರ್ಕಾರವು ಕೊಲ್ಲಿಯ ಮೀನಿನ ಮಾರಾಟವನ್ನು ಕಾನೂನಿನ ಮೂಲಕ ನಿಷೇಧಿಸಲು ಒಪ್ಪಲಿಲ್ಲ. ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಈ ಹನ್ನೆರಡು ವರ್ಷಗಳಲ್ಲಿ ಜನರು ಆರೋಗ್ಯವನ್ನೂ, ಮೀನುಗಾರರು ಜೀವನೋಪಾಯವನ್ನೂ ಕಳೆದುಕೊಂಡರು.

ನಿಯತವಾದ ಪರೀಕ್ಷೆಯ ಪ್ರಯೋಜನಕ್ಕೆ ಕಾರವಾರ ತಾಲೂಕಿನಲ್ಲಿಯೇ ಉದಾಹರಣೆಯಿದೆ. 2009ರ ನವೆಂಬರ್‌ನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ ಕೆಲವು ನೌಕರರ ಮೂತ್ರದಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಾಗಿರುವುದು ವಾಡಿಕೆಯ ತಪಾಸಣೆಯಲ್ಲಿ ತಿಳಿದುಬಂದಿತು. ಅವರೆಲ್ಲರೂ ಬಳಸಿದ್ದು ಏನು ಎಂದು ಹುಡುಕಿದಾಗ ಒಂದೇ ಕುಡಿಯುವ ನೀರಿನ ಕೂಲರ್ ಪತ್ತೆಯಾಯಿತು. ಇದು ಸ್ಥಾವರದ ಒಳಗಿನ ತನಿಖೆಯಾಗಿದ್ದರೂ ಆರೋಗ್ಯ ಇಲಾಖೆಯ ಕ್ರಮವೂ ಇದೇ ಆಗಿದೆ. ರೋಗಿಗಳ ವಯಸ್ಸು, ವಾಸಸ್ಥಳ, ರೋಗ ಕಾಣಿಸಿದ ದಿನ ಇವುಗಳ ಪಟ್ಟಿ ಮಾಡಿ, ಅವರು ಬಳಸಿದ ನೀರು, ಆಹಾರಗಳನ್ನು ಆರೋಗ್ಯವಂತರು ಬಳಸಿದವುಗಳೊಡನೆ ಹೋಲಿಸಿ, ಅನಂತರ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಲಾಗುತ್ತದೆ. ವಾಂತಿಭೇದಿ, ಕಾಮಾಲೆಯಂಥ ಸಾಂಕ್ರಾಮಿಕಗಳ ಸುಳಿವು ಬೇಗ ಸಿಗಲೆಂದು 2004ರಲ್ಲಿ ದೇಶದಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆಯನ್ನು ಆರಂಭಿಸಲಾಯಿತು.

ಇಂಥ ತನಿಖೆಯಲ್ಲಿ ನಮ್ಮ ಸದಸ್ಯರ ಪಾತ್ರವೇನು? ಯಾವ ದಿನ ಯಾವ ದೋಣಿಯ ಮೀನನ್ನು ಕೊಂಡು ಯಾರಿಗೆ ಮಾರಿದಿರಿ ಎಂಬ ಲೆಕ್ಕ, ಬಾವಿ ನೀರಿನ ಹಾಗೂ ಮಂಜುಗಡ್ಡೆಯ ಪರೀಕ್ಷಾ ವರದಿ, ಘಟಕದಿಂದ ಹೊರಹೋಗುವ ನೀರಿನ ತಪಾಸಣೆಯ ದಾಖಲೆ ಇವುಗಳನ್ನು ಇಟ್ಟುಕೊಂಡವರು ತಮ್ಮ ಸರಕು ನಿರ್ದೋಷವೆಂದು ಬೇಗನೆ ತೋರಿಸಬಲ್ಲರು. ದಾಖಲೆ ಇಲ್ಲದಿದ್ದರೆ ಒಬ್ಬರ ತಪ್ಪಿಗೆ ಇಡೀ ಪೇಟೆಯೇ ದಂಡ ತೆರಬೇಕಾಗುತ್ತದೆ. ಆಕಸ್ಮಿಕವಾಗಿ ಮಲಿನ ವಸ್ತು ನೀರಿಗೆ ಸೇರಿದರೆ ಅಥವಾ ಸೇರುವ ಸಂಭವವಿದ್ದರೆ ಕೂಡಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕೆಂಬುದು 1974ರ ಜಲ ಕಾಯಿದೆಯ 31ನೆಯ ಕಲಮಿನ ವಿಧಿಯೂ ಆಗಿದೆ.

ಅಧಿಕಾರಿಗಳು ಮಾದರಿ ಕೇಳಲು ಬಂದಾಗ ಬಾಗಿಲು ಮುಚ್ಚುವುದು ಸುಲಭ. ಮುಚ್ಚಿದ ಬಾಗಿಲಿನ ಹಿಂದೆ ಏನಿದೆಯೋ ಎಂಬ ಸಂಶಯವನ್ನು ಗ್ರಾಹಕನ ಮನಸ್ಸಿನಿಂದ ತೆಗೆಯುವುದು ಕಷ್ಟ. ಮಿನಮಾಟಾದ ವೈದ್ಯರ ವರದಿಗೆ ಸಕಾಲದಲ್ಲಿ ಬೆಲೆ ಸಿಕ್ಕಿದ್ದರೆ ಅಲ್ಲಿನ ಅನೇಕ ಮನೆಗಳು ಉಳಿಯುತ್ತಿದ್ದವು. ನಮ್ಮ ಕಡಲತೀರದಲ್ಲಿ ಅಂಥ ವರದಿ ಎಂದಾದರೂ ಬಂದರೆ, ಅದನ್ನು ಮೊದಲು ಓದುವವರಲ್ಲಿ ವರ್ತಕರೂ ಇರಲಿ.